ಮೇಜಿನಲ್ಲಿ ಮೂವರೇ ಉಳಿದಾಗ: ಸಣ್ಣ ಲಿಮಿಟ್ ಹೋಲ್ಡೆಮ್ ಟೂರ್ನಿಯನ್ನು ಆಡುವ ಕ್ರಮ

ಲಿಮಿಟ್ ಹೋಲ್ಡೆಮ್ ಎಂಬ ಪೋಕರ್ ಆಟದಲ್ಲಿ ಬೆಟ್ಟಿನ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಕೈಗೆ ಎರಡು ಎಲೆ ಬಂದಾಗ ಮತ್ತು ಎಲ್ಲರಿಗೂ ಸೇರಿದ ಮೂರು ಎಲೆಗಳ ಫ್ಲಾಪ್ ಮೇಜಿನ ಮೇಲೆ ತೆರೆದಾಗ ಸಣ್ಣ ಬೆಟ್. ನಾಲ್ಕನೆಯ ಎಲೆಯಾದ ಟರ್ನ್ ಮತ್ತು ಐದನೆಯದಾದ ರಿವರ್‌ನಲ್ಲಿ ಅದರ ಎರಡರಷ್ಟು ದೊಡ್ಡ ಬೆಟ್. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದು ಬೆಟ್ಟಿಗೂ ಅದನ್ನು ಏರಿಸುವ ಮೂರು ರೇಸ್‌ಗಳಿಗೂ ಮಾತ್ರ ಅವಕಾಶ. ಇದ್ದ ಚಿಪ್ಸನ್ನೆಲ್ಲ ಒಮ್ಮೆಗೇ ಮುಂದೆ ನೂಕಿ ಎದುರಾಳಿಯನ್ನು ಓಡಿಸುವ ದಾರಿ ಇಲ್ಲಿಲ್ಲವಾದ್ದರಿಂದ, ಆಟಗಾರರು ಕಡಿಮೆಯಾದಷ್ಟೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪಾಟ್, ಅಂದರೆ ನಡುವೆ ಸೇರಿರುವ ಚಿಪ್ಸ್, ನನಗೆ ಯಾವ ದರಕ್ಕೆ ಸಿಗುತ್ತಿದೆ?

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಈ ಆಟಕ್ಕೆ ಬರುವವರು ಹೆಚ್ಚಾಗಿ ರಮ್ಮಿಯಿಂದಲೋ ಮೂರೆಲೆಯಿಂದಲೋ ಬಂದವರು. ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲೂ ಬಿಡುವು ಕೊಡದೆ ಮಳೆ ಹೊಯ್ಯುವ ಆಷಾಢದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕಲಿತ ಆ ಆಟಗಳ ಅಭ್ಯಾಸ ಇಲ್ಲಿಗೂ ಜೊತೆಗೆ ಬರುತ್ತದೆ. 101ರ ರಮ್ಮಿಯಲ್ಲಿ ಕೆಟ್ಟ ಎಲೆ ಬಂದರೆ ಮೊದಲೇ ಡ್ರಾಪ್ ಆಗಿ 20 ಅಂಕ ಕಳೆದುಕೊಳ್ಳುವುದು ಜಾಣತನ. ನಡುವೆ ಬಿಟ್ಟರೆ 40. ಈ ಶಿಸ್ತನ್ನು ಚೆನ್ನಾಗಿ ಕಲಿತವರು ಹೋಲ್ಡೆಮ್‌ನಲ್ಲಿ ಒಂಬತ್ತು ಜನ ಕೂತಾಗ ಸೊಗಸಾಗಿ ಆಡುತ್ತಾರೆ, ಮೂವರಾದಾಗ ಎಲೆ ನೋಡುವ ಮೊದಲೇ ಸರದಿಯಂತೆ ಹಾಕಲೇಬೇಕಾದ ಬ್ಲೈಂಡ್‌ಗಳಿಗೇ ಕರಗಿಹೋಗುತ್ತಾರೆ. ಮೂರೆಲೆಯಿಂದ ಬಂದವರ ತೊಂದರೆ ಇದಕ್ಕೆ ವಿರುದ್ಧವಾದದ್ದು: ಚಾಲು ಏರಿಸಿದರೆ ಎದುರಿನವರು ಎಲೆ ಇಡುತ್ತಾರೆಂದು, ಅಂದರೆ ಆ ಆಟ ಬಿಟ್ಟುಕೊಡುತ್ತಾರೆಂದು, ಅವರು ನಂಬಿರುತ್ತಾರೆ, ಆದರೆ ನಿಗದಿತ ಬೆಟ್ಟಿಗೆ ಹೆದರಿ ಎಲೆ ಇಡುವವರು ಕಡಿಮೆ.

ಇಲ್ಲಿ ಹೇಳುವುದೆಲ್ಲ ಹಣ ಕಟ್ಟದೆ, ಅಂಕಕ್ಕಾಗಿ ಗೆಳೆಯರು ಮನೆಯಲ್ಲಿ ನಡೆಸುವ ಟೂರ್ನಿಗೆ ಸಂಬಂಧಿಸಿದ್ದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿಯೂ ಹಣವನ್ನು ಮೇಜಿನಿಂದ ದೂರವಿಡುವುದೇ ಸರಿ.

ಲೆಕ್ಕಕ್ಕೆ ಒಂದು ಉದಾಹರಣೆಯನ್ನು ಹಿಡಿಯೋಣ. ಆರು ಜನ, ತಲಾ 1,000 ಚಿಪ್ಸ್, ಒಟ್ಟು 6,000. ಆಟ 20–40ರ ಲಿಮಿಟ್‌ನಿಂದ (ಸಣ್ಣ ಬೆಟ್ 20, ದೊಡ್ಡದು 40) ಆರಂಭವಾಗಿ ಪ್ರತಿ 15 ನಿಮಿಷಕ್ಕೆ 40–80, 60–120, 100–200, 150–300 ಎಂದು ಏರುತ್ತ, ಒಂದೂಕಾಲು ಗಂಟೆಯ ನಂತರ 200–400ಕ್ಕೆ ಮುಟ್ಟುತ್ತದೆ. ಆಗ ಸ್ಮಾಲ್ ಬ್ಲೈಂಡ್ 100, ಬಿಗ್ ಬ್ಲೈಂಡ್ 200. ಮೂವರು ಸಮನಾಗಿ ಉಳಿದಿದ್ದರೆ ತಲಾ 2,000, ಅಂದರೆ ಐದೇ ದೊಡ್ಡ ಬೆಟ್. ಮೊದಲ ಸುತ್ತಿನಲ್ಲಿ ರೇಸ್ ಆಗಿ 400, ಫ್ಲಾಪ್‌ನಲ್ಲಿ 200, ಟರ್ನ್ ಮತ್ತು ರಿವರ್‌ನಲ್ಲಿ ತಲಾ 400 ಎಂದರೆ ಒಂದು ಸಾಧಾರಣ ಆಟ ಕೊನೆ ಮುಟ್ಟುವಾಗ 1,400 ಹೋಗಿರುತ್ತದೆ. ಬೆಟ್ ಸಣ್ಣದೆಂದು ಕಂಡರೂ, ಪಾಟ್‌ಗೆ ಇಳಿಯುವ ನಿರ್ಧಾರವು ನಿಮ್ಮ ಚಿಪ್ಸಿನ ಮೂರನೆಯ ಎರಡು ಭಾಗಕ್ಕೆ ಸಂಬಂಧಿಸಿದ ನಿರ್ಧಾರವೆಂಬುದನ್ನು ಇಲ್ಲಿ ಮರೆಯಬಾರದು.

ಸುಮ್ಮನೆ ಕೂರುವುದಕ್ಕೂ ಬೆಲೆ ಇದೆ. ಇದೇ ಬ್ಲೈಂಡ್‌ಗಳಿಗೆ ಒಂಬತ್ತು ಜನರಿದ್ದಾಗ ಒಂದು ಹಂಚಿಕೆಗೆ ಸರಾಸರಿ 33 ಚಿಪ್ಸ್ ಹೋಗುತ್ತದೆ, ಮೂವರಿದ್ದಾಗ 100, ಇಬ್ಬರೇ ಇದ್ದಾಗ 150. ಕೈಗೆ ಜೋಡಿ ಬರುವುದು ಹದಿನೇಳು ಹಂಚಿಕೆಗೊಮ್ಮೆ ಮಾತ್ರ. ಅದಕ್ಕಾಗಿ ಕಾದವರ ಬಳಿ, ಜೋಡಿ ಬಂದಾಗ ಅದನ್ನು ಬಳಸಲು ಚಿಪ್ಸ್ ಉಳಿದಿರುವುದಿಲ್ಲ.

ಎಲೆ ಹಂಚುವವರ ಜಾಗವಾದ ಬಟನ್‌ನಲ್ಲಿ ಕೂತಾಗ ಆಡುವುದಾದರೆ ರೇಸ್ ಮಾಡಿಯೇ ಆಡಬೇಕು. ಬರೀ ಕಾಲ್ ಮಾಡಿ, ಅಂದರೆ ಇದ್ದ ಬೆಟ್ಟಿಗೆ ಸಮನಾಗಿ ಹಾಕಿ, ಒಳಗೆ ಬರುವುದನ್ನು ಬಿಟ್ಟುಬಿಡುವುದು ಒಳ್ಳೆಯದು. ಎಲ್ಲ ಜೋಡಿಗಳು, ಎಲ್ಲ ಎಕ್ಕಗಳು, ಬಹುತೇಕ ಎಲ್ಲ ರಾಜಗಳು, ಎಂಟು ಅಥವಾ ಅದಕ್ಕಿಂತ ಮೇಲಿನ ಎಲೆಯ ಜೊತೆಗಿರುವ ರಾಣಿ ಮತ್ತು ಗುಲಾಮ, ಒಂದೇ ಜಾತಿಯ ಹತ್ತು-ಒಂಬತ್ತು, ಒಂಬತ್ತು-ಎಂಟು ಇವೆಲ್ಲ ರೇಸ್‌ಗೆ ಯೋಗ್ಯ. ಹತ್ತು ಜನರ ಮೇಜಿನಲ್ಲಿ ಎಕ್ಕ-ಎರಡನ್ನು ಎಸೆದು ಅಭ್ಯಾಸವಾದವರಿಗೆ ಇದು ಹುಚ್ಚಾಟವೆನಿಸಬಹುದು, ಆದರೆ ಎದುರಿಗಿರುವ ಎಲೆ ಯಾವುದೋ ಗೊತ್ತಿಲ್ಲದ ಎರಡು ಎಲೆಯಾದರೆ ಬೇರೆ ಬೇರೆ ಜಾತಿಯ ಎಕ್ಕ-ಎರಡು ಸುಮಾರು 55% ಸಲ ಗೆಲ್ಲುತ್ತದೆ, ರಾಣಿ-ಏಳು ಕೂಡ 50%ಕ್ಕಿಂತ ತುಸು ಮೇಲಿದೆ. ಜೋಡಿಯಿಲ್ಲದ ಎರಡು ಎಲೆ ಐದೂ ಎಲೆ ತೆರೆದ ಮೇಲೂ ಜೋಡಿಯಾಗದೆ ಉಳಿಯುವುದು ಅರ್ಧಕ್ಕರ್ಧ ಸಲ. ಆದ್ದರಿಂದ ಕಡಿಮೆ ಜನರಿದ್ದಾಗ ದೊಡ್ಡ ಎಲೆಯೊಂದೇ ಪಾಟ್ ಗೆದ್ದುಕೊಡುವುದು ಅಪರೂಪವಲ್ಲ.

ಬಟನ್‌ನ ಪಕ್ಕದ ಸ್ಮಾಲ್ ಬ್ಲೈಂಡ್ ಅತ್ಯಂತ ಕೆಟ್ಟ ಜಾಗ. ಬಟನ್ ರೇಸ್ ಮಾಡಿದರೆ ಅಲ್ಲಿರುವವರು ಇನ್ನೂ 300 ಹಾಕಬೇಕು, ಹಿಂದೆ ಬಿಗ್ ಬ್ಲೈಂಡ್ ಕಾದಿರುತ್ತದೆ, ಮುಂದಿನ ಸುತ್ತುಗಳಲ್ಲೆಲ್ಲ ಮೊದಲು ಮಾತಾಡಬೇಕಾದವರೂ ಅವರೇ. ಅಲ್ಲಿ ಮತ್ತೊಂದು ರೇಸ್ ಮಾಡಿ, ಇಲ್ಲವೇ ಎಲೆ ಇಡಿ. ಬಿಗ್ ಬ್ಲೈಂಡ್‌ನ ಮಾತು ಬೇರೆ. ಸ್ಮಾಲ್ ಬ್ಲೈಂಡ್ ಎಲೆ ಇಟ್ಟ ಮೇಲೆ ಪಾಟ್‌ನಲ್ಲಿ 700 ಇರುತ್ತದೆ, ನೀವು ಸೇರಿಸಬೇಕಾದದ್ದು 200. ಒಂಬತ್ತರಲ್ಲಿ ಎರಡು ಸಲ ಗೆದ್ದರೂ ಹಾಕಿದ್ದು ಹಿಂದಕ್ಕೆ ಬರುವ ದರ ಅದು. ಯಾವುದೋ ಎರಡು ಎಲೆಯ ಎದುರು ಬೇರೆ ಬೇರೆ ಜಾತಿಯ ಏಳು-ಎರಡಕ್ಕೂ ಸುಮಾರು 35% ಇದೆ. ಮೊದಲು ಮಾತಾಡಬೇಕಾದ ಅನಾನುಕೂಲದಿಂದ ಅಷ್ಟನ್ನೂ ಗಿಟ್ಟಿಸಲಾಗದು ನಿಜ. ಹಾಗಾಗಿ ಒಂಬತ್ತು-ಮೂರು, ಎಂಟು-ಎರಡಿನಂಥ ಕಸವನ್ನು ಬಿಟ್ಟು ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ರಮ್ಮಿಯಿಂದ ಬಂದವರು ಅತಿ ಹೆಚ್ಚು ಚಿಪ್ಸ್ ಕಳೆದುಕೊಳ್ಳುವುದು ಇದೊಂದೇ ಜಾಗದಲ್ಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಫ್ಲಾಪ್ ತೆರೆದಾಗ ಪಾಟ್ 900. ರೇಸ್ ಮಾಡಿದವರು ಇಲ್ಲಿ 200 ಬೆಟ್ ಇಟ್ಟರೆ, ಎದುರಾಳಿ ಐದರಲ್ಲಿ ಒಂದು ಸಲ ಎಲೆ ಇಟ್ಟರೂ ಲಾಭ. ಜೋಡಿಯಿಲ್ಲದ ಎಲೆಗಳಿಗೆ ಫ್ಲಾಪ್‌ನಲ್ಲಿ ಏನೂ ಕೂಡದಿರುವುದು ಮೂರರಲ್ಲಿ ಎರಡು ಸಲ. ಆದ್ದರಿಂದ ಒಬ್ಬನೇ ಎದುರಾಳಿ ಇದ್ದಾಗ ಬಹುತೇಕ ಎಲ್ಲ ಫ್ಲಾಪ್‌ಗಳಲ್ಲೂ ಬೆಟ್ ಮುಂದುವರಿಯಬೇಕು. ಎದುರಿನವರ ದೃಷ್ಟಿಯಿಂದ ನೋಡಿದರೆ 200 ಕೊಟ್ಟು 1,100ಕ್ಕೆ ನಿಲ್ಲುವುದು, ಅಂದರೆ ಒಂದಕ್ಕೆ ಐದೂವರೆ. ನಡುವಿನ ಒಂದೇ ಎಲೆಯಿಂದ ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ) ಆಗಬೇಕಾದ ಸ್ಥಿತಿಯಲ್ಲಿ ಉಪಯೋಗಕ್ಕೆ ಬರುವ ಎಲೆ ನಾಲ್ಕೇ, ದರ ಒಂದಕ್ಕೆ ಹತ್ತಕ್ಕಿಂತ ಹೆಚ್ಚು ಬೇಕು. ಅದಕ್ಕೆ ಎಲೆ ಇಡುವುದೇ ಸರಿ. ಫ್ಲಾಪ್‌ಗಿಂತ ದೊಡ್ಡದಾದ ಎರಡು ಎಲೆ ಕೈಯಲ್ಲಿದ್ದರೆ ಆರು ಎಲೆ ಉಪಯೋಗಕ್ಕೆ ಬರುತ್ತವೆ, ದರ ಹತ್ತಿರ ಹತ್ತಿರ ಕೂಡುತ್ತದೆ, ಒಮ್ಮೆ ಕಾಲ್ ಮಾಡಿ ಟರ್ನ್ ನೋಡಬಹುದು.

ಟರ್ನ್‌ನಲ್ಲಿ ಬೆಟ್ ಇಮ್ಮಡಿಯಾಗುವುದರಿಂದ ನಿಜವಾದ ಪರೀಕ್ಷೆ ಅಲ್ಲಿ. ಪಾಟ್ 1,300, ಅದರ ಮೇಲೆ ಎದುರಾಳಿಯ 400. ನಿಮಗೆ ಸಿಗುವ ದರ ಒಂದಕ್ಕೆ ನಾಲ್ಕೂಕಾಲು. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಇನ್ನೊಂದೇ ಎಲೆ ಬೇಕಿರುವಾಗ ಕಾಣದ 46 ಎಲೆಗಳಲ್ಲಿ 9 ನಿಮ್ಮವು, ಅಂದರೆ ಒಂದಕ್ಕೆ 4.1, ಸರಿಯಾಗಿ ಕೂಡುತ್ತದೆ. ಎರಡೂ ತುದಿ ತೆರೆದಿರುವ ಸ್ಟ್ರೇಟ್‌ಗೆ 4.75 ಬೇಕು, ತುಸು ಕೊರತೆ ಇದ್ದರೂ ಎಲೆ ಬಂದಾಗ ರಿವರ್‌ನಲ್ಲಿ ಸಿಗುವ ಇನ್ನೊಂದು ಬೆಟ್ ಅದನ್ನು ತುಂಬಿಕೊಡುತ್ತದೆ. ಬರೀ ಎರಡು ದೊಡ್ಡ ಎಲೆ ಹಿಡಿದು ಟರ್ನ್ ದಾಟುವುದು ಮಾತ್ರ ದುಬಾರಿ. ಆದರೆ ಆ ಎಲೆಗಳಲ್ಲಿ ಒಂದು ಎಕ್ಕವಾಗಿದ್ದು, ಎದುರಾಳಿ ಪ್ರತಿ ಸಲವೂ ಬೆಟ್ ಇಡುವವರಾಗಿದ್ದರೆ, ನಿಮ್ಮ ಎಲೆ ಈಗಾಗಲೇ ಮುಂದಿರಬಹುದು.

ರಿವರ್‌ನಲ್ಲಿ 400 ಕೊಟ್ಟು 2,500ಕ್ಕೆ ನಿಲ್ಲಬೇಕಾಗುತ್ತದೆ. ಏಳರಲ್ಲಿ ಒಂದು ಸಲ ನಿಮ್ಮದು ಸರಿಯಾದರೂ ಸಾಕು. ಸಣ್ಣದೇ ಆಗಲಿ, ಜೋಡಿಯನ್ನು ಅಲ್ಲಿ ಎಸೆಯಬೇಡಿ. ಇದೇ ಲೆಕ್ಕ ಬ್ಲಫ್ ಮಾಡುವವರಿಗೂ ಪಾಠ: ಎದುರಿನವರು ಬುದ್ಧಿವಂತರಾದಷ್ಟೂ ಕೊನೆಯ ಬೆಟ್ಟಿಗೆ ಎಲೆ ಇಡುವುದು ಕಡಿಮೆ.

ಇಷ್ಟು ಹೊತ್ತು ಹೇಳಿದ್ದು ಚಿಪ್ಸಿನ ದರ. ಟೂರ್ನಿಯಲ್ಲಿ ಇನ್ನೊಂದು ದರವೂ ಇದೆ. ಗೆದ್ದವರಿಗೆ 65 ಅಂಕ, ಎರಡನೆಯವರಿಗೆ 35, ಮೂರನೆಯವರಿಗೆ ಏನೂ ಇಲ್ಲವೆಂದು ಇಟ್ಟುಕೊಳ್ಳಿ. ಮೂವರಲ್ಲೂ 2,000 ಇದ್ದಾಗ ಪ್ರತಿಯೊಬ್ಬರ ಪಾಲಿನ ಬೆಲೆ 33.3 ಅಂಕ. ಇಬ್ಬರು ಪೂರ್ತಿ ಚಿಪ್ಸಿಗೆ ಸೆಣಸಿ ಒಬ್ಬರು ಹೊರಬಿದ್ದರೆ, ಗೆಲ್ಲುವ ಸಾಧ್ಯತೆ ಚಿಪ್ಸಿನ ಪಾಲಿನಷ್ಟೇ ಎಂದು ಹಿಡಿದಾಗ, 4,000 ಪಡೆದವರ ಬೆಲೆ 55ಕ್ಕೆ ಏರುತ್ತದೆ, ಏನೂ ಮಾಡದೆ ಕೂತಿದ್ದ ಮೂರನೆಯವರದ್ದು 45 ಆಗುತ್ತದೆ. ಗೆದ್ದವರು ಗಳಿಸಿದ್ದು 21.7, ಸೋತವರು ಕಳೆದದ್ದು 33.3. ಸರಿಸಮನಾದ ಸೆಣಸಾಟ ಲಾಭವಾಗಬೇಕಾದರೆ 50% ಸಾಲದು, ಸುಮಾರು 61% ಗೆಲುವು ಬೇಕು. ಹಾಗಾಗಿ ಈ ಹಂತದಲ್ಲಿ ರೇಸ್ ಮಾಡುವವರಾಗಿರುವುದು ಒಳ್ಳೆಯದು, ನಿಮ್ಮಷ್ಟೇ ಚಿಪ್ಸ್ ಇರುವವರ ರೇಸ್‌ಗೆ ಗಡಿಯಂಚಿನ ಎಲೆ ಹಿಡಿದು ಕೊನೆಯವರೆಗೆ ಕಾಲ್ ಮಾಡುವವರಾಗುವುದು ಒಳ್ಳೆಯದಲ್ಲ. ರಿವರ್‌ನಲ್ಲಿ ಜೋಡಿ ಎಸೆಯಬೇಡಿ ಎಂದದ್ದು ನಿಜ. ಆದ್ದರಿಂದ ಸಂಶಯದ ಎಲೆಯನ್ನು ಫ್ಲಾಪ್‌ನಲ್ಲಿ, ತಡವಾದರೆ ಟರ್ನ್‌ನಲ್ಲಿಯೇ ಬಿಡಬೇಕು.

ಚಿಪ್ಸ್ 1,200ಕ್ಕೆ ಇಳಿದಾಗಲೇ ಎಚ್ಚೆತ್ತುಕೊಳ್ಳಬೇಕು. ಅಷ್ಟಿದ್ದರೆ ರೇಸ್ ಮಾಡಿದ ಮೇಲೂ ಫ್ಲಾಪ್, ಟರ್ನ್ ಎರಡರಲ್ಲೂ ಬೆಟ್ ಇಡುವ ಶಕ್ತಿ ಇರುತ್ತದೆ. 400ಕ್ಕೆ ಇಳಿದ ಮೇಲೆ ನಿಮ್ಮ ರೇಸ್ ಯಾರನ್ನೂ ಓಡಿಸುವುದಿಲ್ಲ. ಮೂರನೆಯವರ ಚಿಪ್ಸ್ ಪೂರ್ತಿ ಪಾಟ್‌ನಲ್ಲಿರುವಾಗ ಉಳಿದಿಬ್ಬರು ಬೆಟ್ ಇಡದೆ ಚೆಕ್ ಮಾಡುತ್ತ ಕೊನೆ ಮುಟ್ಟಿದರೆ ಅವರನ್ನು ಹೊರಹಾಕುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಹಾಗೆ ಮಾಡೋಣವೆಂದು ಬಾಯಿಬಿಟ್ಟು ಒಪ್ಪಂದ ಮಾಡಿಕೊಳ್ಳುವುದು ನಿಯಮಕ್ಕೆ ವಿರುದ್ಧ, ಗೆಳೆಯರ ಮೇಜಿನಲ್ಲೂ ಅದನ್ನು ಬಿಡಬಾರದು.

ಇಬ್ಬರೇ ಉಳಿದಾಗ ಬಟನ್‌ನಲ್ಲಿರುವವರೇ ಸ್ಮಾಲ್ ಬ್ಲೈಂಡ್ ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ಮೊದಲು, ಫ್ಲಾಪ್‌ನಿಂದ ಮುಂದೆ ಕೊನೆಯಲ್ಲಿ ಮಾತಾಡುತ್ತಾರೆ. ಈ ಇಬ್ಬರ ಆಟವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಗಣಿತದ ಸಮಸ್ಯೆಯಂತೆ ಕಂಪ್ಯೂಟರ್‌ನಿಂದ ಬಹುತೇಕ ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಸೀಫಿಯಸ್ ಎಂಬ ಅವರ ಪ್ರೋಗ್ರಾಂ ಬಟನ್‌ನಲ್ಲಿ ಬರೀ ಕಾಲ್ ಮಾಡಿ ಒಳಬರುವುದು ಇಲ್ಲವೆನ್ನುವಷ್ಟು ಕಡಿಮೆ, ಆಡುವ ಎಲೆಗಳನ್ನೆಲ್ಲ ರೇಸ್ ಮಾಡುತ್ತದೆ. ಎರಡು ಎಕ್ಕ ಹಿಡಿದಾಗಲೂ ಅದು ಮೊದಲ ಸುತ್ತಿನ ಕೊನೆಯ ರೇಸ್ ಮಾಡದೆ ಬಲವನ್ನು ಮುಚ್ಚಿಡುತ್ತದೆ. ಎಲ್ಲದಕ್ಕೂ ಕಾಲ್ ಮಾಡುವ ನಮ್ಮ ಕಡೆಯ ಎದುರಾಳಿಗಳ ಮುಂದೆ ಅಂಥ ಗುಟ್ಟು ಬೇಕಿಲ್ಲ, ರೇಸ್ ಮಾಡಿಯೇ ಬಿಡಿ.

ಎದುರಾಳಿಯ ಬಳಿ 400 ಮಾತ್ರ ಉಳಿದಾಗ ಬಟನ್‌ನಲ್ಲಿ ಅತಿ ಕೆಟ್ಟ ಎಲೆಗಳನ್ನು ಬಿಟ್ಟು ಎಲ್ಲವನ್ನೂ ರೇಸ್ ಮಾಡಿ: 300 ಸೇರಿಸಿ 800ಕ್ಕೆ ನಿಲ್ಲಲು ಬೇಕಾದ ಗೆಲುವು 37.5%. ಅವರ ಕೊನೆಯ 200 ಬಿಗ್ ಬ್ಲೈಂಡ್‌ಗೇ ಹೋಗಿದ್ದರೆ ಎಲೆ ನೋಡುವ ಅಗತ್ಯವೂ ಇಲ್ಲ. ಇನ್ನು 100 ಸೇರಿಸಿ 400ರ ಪಾಟ್‌ಗೆ ನಿಲ್ಲಲು 25% ಸಾಕು, ಏಳು-ಎರಡಕ್ಕೂ ಅದಕ್ಕಿಂತ ಹೆಚ್ಚಿದೆ.