ಚೆಂಡು ನಿಂತ ಮೇಲೆ ಶಕ್ತಿ ಎಲ್ಲಿಗೆ ಹೋಯ್ತು? ಮಕ್ಕಳಿಗೆ ಶಕ್ತಿಯ ಪಾಠ ಹೇಳಿಕೊಡುವ ಬಗೆ

ಮಕ್ಕಳಿಗೆ ಶಕ್ತಿಯ ಪಾಠ ಮಾಡುವಾಗ ದಯವಿಟ್ಟು ಪಟ್ಟಿಯಿಂದ ಶುರು ಮಾಡಬೇಡಿ. ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ, ಉಷ್ಣ ಶಕ್ತಿ, ವಿದ್ಯುತ್ ಶಕ್ತಿ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಅಲ್ಲಿಗೆ ಮುಗಿಯಿತು.

ನಾನು 14 ವರ್ಷದಿಂದ ಐದು, ಆರನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಮೊದಲ ಮೂರು ವರ್ಷ ನಾನೂ ಹಾಗೇ ಮಾಡಿದೆ. ಒಂದು ದಿನ, ಇಡೀ ಪಟ್ಟಿಯನ್ನು ತಪ್ಪಿಲ್ಲದೆ ಹೇಳಿದ ಹುಡುಗಿಯೊಬ್ಬಳು ‘ಮಿಸ್, ಚೆಂಡು ನಿಂತ ಮೇಲೆ ಅದರ ಶಕ್ತಿ ಎಲ್ಲಿಗೆ ಹೋಯ್ತು?’ ಎಂದು ಕೇಳಿದಳು. ‘ಖಾಲಿ ಆಯ್ತು’ ಎಂದುಬಿಟ್ಟೆ. ಅದು ತಪ್ಪು ಉತ್ತರ. ಶಕ್ತಿ ಖಾಲಿ ಆಗುವುದಿಲ್ಲ. ಮಾರನೆಯ ದಿನ ಎಲ್ಲರ ಎದುರಿಗೇ ಅವಳಿಗೆ ಸರಿಯಾದ ಉತ್ತರ ಹೇಳಿದೆ. ಅವತ್ತಿನಿಂದ ನನ್ನ ಪಾಠ ಎರಡೇ ಪ್ರಶ್ನೆಗಳ ಮೇಲೆ ನಡೆಯುತ್ತದೆ. ಶಕ್ತಿ ಎಲ್ಲಿಂದ ಬಂತು? ಎಲ್ಲಿಗೆ ಹೋಯ್ತು?

ಶುರುವಿನಲ್ಲೇ ಒಂದು ಗೊಂದಲ ಬಿಡಿಸಿಬಿಡಿ. ಮಾತಾಡುವಾಗ ನಾವು ಬಲ, ಶಕ್ತಿ, ತಾಕತ್ತು ಎಲ್ಲವನ್ನೂ ಒಂದೇ ಅರ್ಥದಲ್ಲಿ ಹೇಳುತ್ತೇವೆ. ವಿಜ್ಞಾನದಲ್ಲಿ ಹಾಗಲ್ಲ. ಬಲ ಅಂದರೆ ತಳ್ಳುವುದು ಅಥವಾ ಎಳೆಯುವುದು. ಶಕ್ತಿ ಅಂದರೆ ಏನನ್ನಾದರೂ ಅಲುಗಿಸಲು, ಬಿಸಿ ಮಾಡಲು, ಬೆಳಗಲು ಬೇಕಾದದ್ದು. ಗೋಡೆಯನ್ನು ಜೋರಾಗಿ ತಳ್ಳಲು ಹೇಳಿ. ಬಲ ಹಾಕಿದ್ದಾಯ್ತು, ಆದರೆ ಗೋಡೆ ಅಲುಗಲಿಲ್ಲ. ಅಂದರೆ ನಾವು ತಳ್ಳಿದ್ದರಿಂದ ಗೋಡೆಗೆ ಚಲನ ಶಕ್ತಿ ಸಿಗಲಿಲ್ಲ. ಇಷ್ಟು ಸಾಕು, ಮುಂದೆ ಹೋಗಿ.

ಈಗ ಚೆಂಡು. ಗೋಡೆಯ ಮೇಲೆ ನೆಲದಿಂದ 1 ಮೀಟರ್ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಟೆನಿಸ್ ಚೆಂಡನ್ನು ಅಲ್ಲಿ ಹಿಡಿದು ಸುಮ್ನೆ ಬಿಡಬೇಕು, ಎಸೆಯಬಾರದು. ಎಷ್ಟು ಎತ್ತರಕ್ಕೆ ಪುಟಿಯಿತು ಎಂದು ಇನ್ನೊಂದು ಮಗು ನೋಡಿ ಗುರುತು ಹಾಕಲಿ. ಚೆನ್ನಾಗಿರುವ ಚೆಂಡಾದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಪಂದ್ಯಗಳಲ್ಲಿ ಸಾಮಾನ್ಯವಾಗಿ ಬಳಸುವ ಚೆಂಡಿಗೆ ಒಂದು ನಿಯಮವೇ ಇದೆ: 254 ಸೆಂ.ಮೀ. ಎತ್ತರದಿಂದ ಬಿಟ್ಟರೆ ಅದು 135ರಿಂದ 147 ಸೆಂ.ಮೀ. ಒಳಗೆ ಪುಟಿಯಬೇಕು. ಇದನ್ನು ಹೇಳಿದರೆ ಮಕ್ಕಳು ತಮ್ಮ ಅಳತೆ ಹೊಂದುತ್ತದೆಯೇ ಎಂದು ತಾವೇ ಲೆಕ್ಕ ಹಾಕಲು ಕೂರುತ್ತಾರೆ.

ಮೇಲೆ ಹಿಡಿದಾಗ ಚೆಂಡು ಅಲುಗುತ್ತಿರಲಿಲ್ಲ, ಅಲ್ವಾ? ಆದರೂ ಅದರಲ್ಲಿ ಶಕ್ತಿ ಇತ್ತು, ಅಡಗಿತ್ತು. ಪ್ರಚ್ಛನ್ನ ಎಂಬ ಪದಕ್ಕೆ ಅಡಗಿರುವ ಎಂದೇ ಅರ್ಥ. ಅದನ್ನು ಇಲ್ಲಿ, ಚೆಂಡು ಕೈಯಲ್ಲಿರುವಾಗಲೇ ಹೇಳಿ. ಕೈ ಬಿಟ್ಟ ಕೂಡಲೇ ಅಡಗಿದ್ದ ಶಕ್ತಿ ಓಡುವ ಶಕ್ತಿಯಾಗುತ್ತದೆ, ಅದು ಚಲನ ಶಕ್ತಿ. ಆದರೆ ಚೆಂಡು ಮೊದಲಿನ ಎತ್ತರಕ್ಕೆ ವಾಪಸ್ ಬರಲಿಲ್ಲ. ಉಳಿದದ್ದು ಎಲ್ಲಿ? ‘ಟಪ್’ ಎಂಬ ಸದ್ದನ್ನು ಮಕ್ಕಳು ಬೇಗ ಹೇಳುತ್ತಾರೆ. ಸದ್ದಿಗೆ ಹೋಗುವುದು ತೀರಾ ಕಡಿಮೆ. ಮುಖ್ಯ ಪಾಲು ಚೆಂಡನ್ನೂ ನೆಲವನ್ನೂ ಒಂಚೂರು ಬಿಸಿ ಮಾಡಿತು. ಮುಟ್ಟಿದರೆ ಗೊತ್ತಾಗದಷ್ಟು ಬಿಸಿ. ಹಾಗಾಗಿ ಯಾವ ಮಗುವೂ ಇದನ್ನು ನಂಬುವುದಿಲ್ಲ. ನಂಬಬಾರದು ಕೂಡ.

ಅದಕ್ಕೇ ಮರಳಿನ ಬಾಟಲಿ. ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಬಾಟಲಿ ತೆಗೆದುಕೊಂಡು, ಎರಡಕ್ಕೂ ಕಾಲುಭಾಗ ಒಣ ಮರಳು ಹಾಕಿ, ಮುಚ್ಚಳ ಬಿಗಿಯಾಗಿ ಹಾಕಿ. ಒಂದು ಗಂಟೆ ಅದೇ ಕೋಣೆಯಲ್ಲಿ ಬಿಡಿ. ಆಮೇಲೆ ಥರ್ಮಾಮೀಟರ್ ಇಟ್ಟು ಎರಡರ ಉಷ್ಣತೆಯನ್ನೂ ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೋಣೆಯ ಉಷ್ಣತೆ ತೋರಿಸುವ, ಡಿಗ್ರಿಯ ಹತ್ತನೇ ಒಂದು ಭಾಗವನ್ನೂ ಓದಬಲ್ಲ ಡಿಜಿಟಲ್ ಥರ್ಮಾಮೀಟರ್ ಆದರೆ ಒಳ್ಳೆಯದು. ಎರಡೂ ಬಾಟಲಿಗೆ ದಪ್ಪ ಟವೆಲ್ ಸುತ್ತಿ. ಒಂದನ್ನು ಐದು ನಿಮಿಷ ಜೋರಾಗಿ ಅಲ್ಲಾಡಿಸಬೇಕು. ಒಬ್ಬರಿಗೆ ಕೈ ಸೋತರೆ ಇನ್ನೊಬ್ಬರು ತೆಗೆದುಕೊಳ್ಳಲಿ. ಇನ್ನೊಂದನ್ನು ಅಷ್ಟೇ ಹೊತ್ತು ಸುಮ್ನೆ ಹಿಡಿದುಕೊಂಡಿರಬೇಕು. ಈ ಎರಡನೇ ಬಾಟಲಿಯನ್ನು ಬಿಡಬೇಡಿ. ಅದಿಲ್ಲದಿದ್ದರೆ ‘ಕೈಯ ಬಿಸಿಯಿಂದ ಮರಳು ಬೆಚ್ಚಗಾಯ್ತು’ ಎಂದು ಜಾಣ ಮಗುವೊಂದು ಹೇಳುತ್ತದೆ, ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಮರಳಿನೊಳಗೆ ಇಳಿಸಿ. ನಮ್ಮ ತರಗತಿಯಲ್ಲಿ ಒಂದೆರಡು ಡಿಗ್ರಿ ಏರುತ್ತದೆ. ಅಂಕಿ ಮೇಲೆ ಹೋಗುವುದನ್ನು ಮಕ್ಕಳು ಉಸಿರು ಹಿಡಿದು ನೋಡುತ್ತಾರೆ. ಅವರ ತೋಳಿನ ಶಕ್ತಿ ಮರಳಿನೊಳಗೆ ಬಿಸಿಯಾಗಿ ಕೂತಿದೆ!

1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಮಾಡಿದ್ದೂ ಇದೇ ಬಗೆಯ ಕೆಲಸ. ತೂಕದ ಗುಂಡು ಕೆಳಗಿಳಿಯುವಾಗ ನೀರಿನೊಳಗಿನ ರೆಕ್ಕೆಗಳು ತಿರುಗುವ ಹಾಗೆ ಮಾಡಿ, ನೀರು ಎಷ್ಟು ಬಿಸಿಯಾಯ್ತು ಎಂದು ಅಳೆದರು. ಶಕ್ತಿಯ ಅಳತೆಗೆ ಇಂದು ಅವರದೇ ಹೆಸರು. 100 ಗ್ರಾಂ ತೂಕವನ್ನು 1 ಮೀಟರ್ ಎತ್ತಿದರೆ ಹೆಚ್ಚುಕಡಿಮೆ 1 ಜೌಲ್. 1 ಲೀಟರ್ ನೀರು ಬರೀ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು ಸುಮಾರು 4,200 ಜೌಲ್ ಬೇಕು. ಅಂದರೆ ಆ ತೂಕವನ್ನು 4,200 ಸಲ ಎತ್ತಿದಷ್ಟು! ಚೆಂಡಿನ ಬಿಸಿ ಕೈಗೆ ಯಾಕೆ ಗೊತ್ತಾಗಲಿಲ್ಲ ಎನ್ನುವುದು ಇಲ್ಲಿ ಅರ್ಥವಾಗುತ್ತದೆ.

ಮರಳು, ಥರ್ಮಾಮೀಟರ್ ಸಿಗದಿದ್ದರೆ ಒಂದು ಅಗಲದ ರಬ್ಬರ್ ಬ್ಯಾಂಡ್ ಸಾಕು. ಅದನ್ನು ಪಟ್ಟನೆ ಎಳೆದು, ಎಳೆದ ಹಾಗೇ ಮೇಲ್ದುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಎಳೆದೇ ಸ್ವಲ್ಪ ಹೊತ್ತು ಹಿಡಿದಿದ್ದು, ಸಡಿಲ ಬಿಟ್ಟು ಮತ್ತೆ ತಾಗಿಸಿ. ತಣ್ಣಗಾಗಿರುತ್ತದೆ. ಕಣ್ಣಿಗೆ ಪೆಟ್ಟಾಗದ ಹಾಗೆ ದೊಡ್ಡವರು ಪಕ್ಕದಲ್ಲೇ ಇರಬೇಕು.

ಇಷ್ಟೆಲ್ಲ ಆದ ಮೇಲೆ ಹೆಸರುಗಳನ್ನು ಕೊಡಿ. ಟಾರ್ಚ್ ಹಚ್ಚಿ: ಬ್ಯಾಟರಿಯಲ್ಲಿ ರಾಸಾಯನಿಕ ಶಕ್ತಿ, ತಂತಿಯಲ್ಲಿ ವಿದ್ಯುತ್, ಕೊನೆಗೆ ಬೆಳಕು ಮತ್ತು ಬಿಸಿ. ಇನ್ನೆರಡು ಪದಗಳನ್ನು ನಾನು ಹೀಗೆ ಹೇಳುತ್ತೇನೆ: ಜಾಗ ಬದಲಾದರೆ ವರ್ಗಾವಣೆ, ವೇಷ ಬದಲಾದರೆ ರೂಪಾಂತರ. ಓಡುವ ಗೋಲಿ ನಿಂತ ಗೋಲಿಗೆ ಬಡಿದು ಅದನ್ನು ಓಡಿಸಿದರೆ ವರ್ಗಾವಣೆ. ಬಿಸಿನೀರಿನಲ್ಲಿಟ್ಟ ಸ್ಟೀಲ್ ಚಮಚದ ಹಿಡಿ ಬಿಸಿಯಾಗುವುದೂ ವರ್ಗಾವಣೆಯೇ. ಪಕ್ಕದಲ್ಲಿ ಮರದ ಚಮಚ ಇಟ್ಟರೆ ವ್ಯತ್ಯಾಸ ತಾನಾಗೇ ಗೊತ್ತಾಗುತ್ತದೆ.

ಮೂಲಗಳ ಪಾಠವನ್ನು ಹಿಂದಕ್ಕೆ ನಡೆಯುವ ಆಟ ಮಾಡಿ. ‘ನಾನು ಓಡಿದೆ. ಶಕ್ತಿ ಎಲ್ಲಿಂದ?’ ಊಟದಿಂದ. ಊಟಕ್ಕೆ? ಗಿಡದಿಂದ. ಗಿಡಕ್ಕೆ? ಬಿಸಿಲಿನಿಂದ. ಗಾಳಿಯ ಹಿಂದೆ ಹೋದರೂ ಸೂರ್ಯ ಸಿಗುತ್ತಾನೆ, ಏಕೆಂದರೆ ನೆಲ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಕಾಯುವುದರಿಂದಲೇ ಗಾಳಿ ಬೀಸುತ್ತದೆ. ಅಣೆಕಟ್ಟಿನ ನೀರನ್ನು ಆವಿಯಾಗಿ ಮೇಲೆತ್ತಿದ್ದೂ ಬಿಸಿಲೇ. ಕಲ್ಲಿದ್ದಲು ಕೋಟಿಗಟ್ಟಲೆ ವರ್ಷಗಳ ಹಿಂದಿನ ಗಿಡಮರ. ಸೂರ್ಯ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ, ಬೆಳಕು ಇಲ್ಲಿಗೆ ಬರಲು 8 ನಿಮಿಷ 20 ಸೆಕೆಂಡು ಬೇಕು.

ಆದರೆ ‘ಎಲ್ಲಾ ಶಕ್ತಿಯೂ ಸೂರ್ಯನಿಂದಲೇ’ ಎಂದು ಹೇಳಬೇಡಿ. ಅದು ನಿಜವಲ್ಲ. ಸಮುದ್ರದ ಉಬ್ಬರ ಇಳಿತ ಮುಖ್ಯವಾಗಿ ಚಂದ್ರನ ಸೆಳೆತದ್ದು. ಭೂಮಿಯ ಒಳಗೆ ಅದರದೇ ಬಿಸಿ ಇದೆ. ಯುರೇನಿಯಂನ ಪರಮಾಣು ಶಕ್ತಿಯೂ ನಮ್ಮ ಸೂರ್ಯ ಕೊಟ್ಟದ್ದಲ್ಲ. ಇನ್ನೊಂದು, ಕರೆಂಟು ಮೂಲವಲ್ಲ. ಬೇರೆ ಕಡೆಯ ಶಕ್ತಿಯನ್ನು ಅದು ತಂದುಕೊಡುತ್ತದೆ, ಅಷ್ಟೇ. ಪ್ಲಗ್ಗಿನ ಹತ್ತಿರ ಆಟ ನಿಲ್ಲಿಸಬಾರದು.

ಈ ಹಂತದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಶಕ್ತಿ ಖಾಲಿ ಆಗುವುದಿಲ್ಲ ಅಂದಮೇಲೆ ಉಳಿಸಿ ಅಂತ ಯಾಕೆ ಹೇಳ್ತೀರಿ? ಒಳ್ಳೆಯ ಪ್ರಶ್ನೆ, ಹಾರಿಸಬೇಡಿ. ಮರಳಿನ ಬಾಟಲಿ ಮತ್ತೆ ಕೈಗೆ ಕೊಡಿ. ಆ ಬಿಸಿಯನ್ನು ಹಿಡಿದು ತೋಳಿಗೆ ವಾಪಸ್ ತರಲು ಆಗುತ್ತದೆಯೇ? ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ಕೋಣೆಯಲ್ಲೆಲ್ಲ ಹರಡಿಹೋಗುತ್ತದೆ. ಶಕ್ತಿ ಇದೆ, ಆದರೆ ಕೆಲಸಕ್ಕೆ ಸಿಗುವುದಿಲ್ಲ. ಹಳೆಯ ತಂತಿ ಬಲ್ಬಿಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಐದರಷ್ಟು ಮಾತ್ರ ಬೆಳಕಾಗುತ್ತಿತ್ತು, ಮಿಕ್ಕಿದ್ದೆಲ್ಲ ಬಿಸಿ.

ಹಾಗೆ ಹರಡಿದ ಬಿಸಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮಗು ನಿಮಗೆ ಸಿಕ್ಕರೆ, ಬಿಸಿಲಿದ್ದ ದಿನ ಸೂರ್ಯ ಮುಳುಗಿದ ಮೇಲೆ ಹೊರಗೆ ಕರೆದುಕೊಂಡು ಹೋಗಿ. ಮಧ್ಯಾಹ್ನವೆಲ್ಲ ಬಿಸಿಲು ಕುಡಿದ ಗೋಡೆಯ ಮುಂದೆ ನಿಲ್ಲಿಸಿ. ಅಂಗೈಯನ್ನು ಗೋಡೆಗೆ ಮುಟ್ಟಿಸದೆ, ನಾಲ್ಕು ಬೆರಳಷ್ಟು ದೂರದಲ್ಲಿ ಹಿಡಿಯಲು ಹೇಳಿ. ಕಣ್ಣಿಗೆ ಏನೂ ಕಾಣುವುದಿಲ್ಲ, ಅಂಗೈ ಬೆಚ್ಚಗಾಗುತ್ತದೆ. ಅದೇ ವಿಕಿರಣ. ಆಮೇಲೆ ಮೇಲೆ ಆಕಾಶ ತೋರಿಸಿ. ಭೂಮಿಯೂ ಹೀಗೇ ತನ್ನ ಬಿಸಿಯನ್ನು ಅಲ್ಲಿಗೆ ಬಿಡುತ್ತಾ ಇರುತ್ತದೆ.