ಮಳೆಗಾಲದ ಜ್ವರ: ಡಿಗ್ರಿಯ ಜೊತೆ ದಿನವನ್ನೂ ಎಣಿಸಿ

ಮನೆಯಲ್ಲಿ ಯಾರಿಗಾದರೂ ಜ್ವರ ಬಂತೆಂದರೆ ಎಲ್ಲರ ಕಣ್ಣೂ ಥರ್ಮಾಮೀಟರಿನ ಮೇಲೆ. 103 ಕಂಡರೆ ಗಾಬರಿ, 99ಕ್ಕೆ ಇಳಿದರೆ ನಿರಾಳ. ಮಳೆಗಾಲದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಡೆಂಗಿಯಲ್ಲಿ ಅಪಾಯ ತಲೆಯೆತ್ತುವುದೇ ಬಹುಪಾಲು ಜ್ವರ ಇಳಿಯುವ ಹೊತ್ತಿಗೆ. ಹಾಗಾಗಿ ಮೈ ಬಿಸಿಯಾದ ಕೂಡಲೇ ಒಂದು ಹಾಳೆಯಲ್ಲಿ ಜ್ವರ ಶುರುವಾದ ದಿನ ಮತ್ತು ಹೊತ್ತು ಬರೆದಿಡಿ. ಆಮೇಲೆ ಜ್ವರದ ಅಳತೆ, ಕೊಟ್ಟ ಮಾತ್ರೆ, ಮೂತ್ರ ಹೋದ ಸಮಯ ಎಲ್ಲವೂ ಅದೇ ಹಾಳೆಗೆ ಸೇರಲಿ. ವೈದ್ಯರಿಗೆ ಅದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ.

ಸರಿಯಾಗಿ ಅಳೆಯುವುದು

ಹಣೆ ಮುಟ್ಟಿ ನೋಡಿದ್ದು ಅಳತೆಯಲ್ಲ. ದೊಡ್ಡವರಿಗೆ ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯಡಿ ಇಡಿ. ಬಿಸಿಯಾದದ್ದೋ ತಣ್ಣಗಿನದೋ ಕುಡಿದಿದ್ದರೆ 20 ನಿಮಿಷ ಬಿಟ್ಟು ನೋಡಿ. ಮಕ್ಕಳಿಗೆ ಕಂಕುಳಿನ ಬೆವರು ಒರೆಸಿ, ತುದಿಯನ್ನು ಕಂಕುಳಿನ ನಡುವೆ ಇಟ್ಟು, ಬೀಪ್ ಕೇಳುವ ತನಕ ತೋಳನ್ನು ಮೈಗೆ ಒತ್ತಿ ಹಿಡಿಯಿರಿ. ಕಂಕುಳಿನ ಅಳತೆ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸಬಹುದು. 100.4 ಡಿಗ್ರಿ, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ಜ್ವರ. ಮೂರು ತಿಂಗಳು ತುಂಬದ ಕೂಸಿಗೆ ಇಷ್ಟು ಬಂದರೆ ಮನೆಯಲ್ಲಿ ಕಾಯುವಂತಿಲ್ಲ, ಆಗಲೇ ಆಸ್ಪತ್ರೆಗೆ ಹೊರಡಿ.

ಯಾವ ಜ್ವರ ಇರಬಹುದು?

ಮನೆಯಲ್ಲಿ ಕೂತು ಜ್ವರಕ್ಕೆ ಹೆಸರಿಡಲು ಆಗುವುದಿಲ್ಲ, ಅನುಮಾನ ಪಡಬಹುದು ಅಷ್ಟೇ. ಮೂಗು ಸೋರುವುದು, ಗಂಟಲು ಕೆರೆತ, ಕೆಮ್ಮು ಇದ್ದರೆ ಫ್ಲೂ ಥರದ ಜ್ವರವೇ ಹೆಚ್ಚು. ನೆಗಡಿಯಿಲ್ಲದೆ ಏಕಾಏಕಿ ಜ್ವರ ಏರಿ, ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ಮುರಿದ ಹಾಗಾದರೆ ಡೆಂಗಿ ಮನಸ್ಸಿನಲ್ಲಿರಲಿ. ಬೆರಳು, ಮಣಿಕಟ್ಟು, ಕಾಲ್ಗಂಟು ಹಿಡಿದುಕೊಂಡು ಎದ್ದು ನಿಲ್ಲಲೂ ಕಷ್ಟವಾದರೆ ಚಿಕುನ್‌ಗುನ್ಯಾ. ಜ್ವರ ಹೋದ ಮೇಲೂ ಆ ನೋವು ತಿಂಗಳುಗಟ್ಟಲೆ ಉಳಿಯಬಹುದು. ನಡುಕ, ಜ್ವರ, ಕೊನೆಗೆ ಮೈತೊಯ್ಯುವ ಬೆವರು ಎಂಬ ಸರದಿ ಮಲೇರಿಯಾದ್ದು. ಆದರೆ ದಿನ ಬಿಟ್ಟು ದಿನ ಬಂದರೆ ಮಾತ್ರ ಮಲೇರಿಯಾ ಎಂದು ಕಾಯಬೇಡಿ, ಹೆಚ್ಚು ಅಪಾಯದ ಬಗೆಯಾದ ಫಾಲ್ಸಿಪಾರಂ ಮಲೇರಿಯಾ ಅಂಥ ಲೆಕ್ಕ ಇಟ್ಟುಕೊಳ್ಳದು. ದಿನದಿಂದ ದಿನಕ್ಕೆ ಏರುತ್ತ, ಹೊಟ್ಟೆ ಕೆಡಿಸಿ ವಾರವಾದರೂ ಬಿಡದ ಜ್ವರ ಟೈಫಾಯ್ಡ್ ಆಗಿರಬಹುದು.

ಎರಡು ಜ್ವರ ಮಾತ್ರ ಸುಲಭವಾಗಿ ಕಣ್ತಪ್ಪುತ್ತವೆ. ನಿಂತ ನೀರಲ್ಲಿ, ಕೆಸರಲ್ಲಿ ಕಾಲಿಟ್ಟ ಒಂದೆರಡು ವಾರದೊಳಗೆ ಜ್ವರ ಬಂದು, ಮೀನಖಂಡ ಮುಟ್ಟಿದರೆ ನೋವು, ಪಿಸುರಿಲ್ಲದೆ ಕಣ್ಣು ಕೆಂಪಾದರೆ ಅದು ಇಲಿಜ್ವರದ ಗುರುತು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯದ ಮೂಲಕ ಒಳಸೇರಿರುತ್ತದೆ. ಇನ್ನೊಂದು ಸ್ಕ್ರಬ್ ಟೈಫಸ್, ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಜ್ವರ. ಪೊದೆ, ಹುಲ್ಲಿನ ನಡುವೆ ಓಡಾಡಿದವರ ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗ ನೋಡಿ: ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಅದು ನೋಯುವುದಿಲ್ಲ, ಹಾಗಾಗಿ ರೋಗಿಯೇ ಹೇಳಿಯಾರೆಂದು ಕಾಯಬೇಡಿ. ಎರಡಕ್ಕೂ ಸರಿಯಾದ ಆ್ಯಂಟಿಬಯೋಟಿಕ್ ಇದೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ.

ಮಾತ್ರೆಯ ಲೆಕ್ಕ

ಕಾರಣ ತಿಳಿಯುವ ತನಕ ಪ್ಯಾರಾಸಿಟಮಾಲ್ ಒಂದೇ ಸಾಕು. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ; ಡೆಂಗಿಯಾಗಿದ್ದರೆ ಇವು ರಕ್ತಸ್ರಾವ ಹೆಚ್ಚಿಸುತ್ತವೆ. (ಹೃದಯದ ತೊಂದರೆಗೆಂದು ದಿನಾ ಆಸ್ಪಿರಿನ್ ನುಂಗುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ.) ವಯಸ್ಕರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಲಿವರ್ ತೊಂದರೆ ಇರುವವರಿಗೆ, ಕುಡಿತದ ಅಭ್ಯಾಸ ಇರುವವರಿಗೆ ಈ ಪ್ರಮಾಣವೂ ಹೆಚ್ಚಾಗಬಹುದು. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಪಟ್ಟಿಯ ಹಿಂಬದಿ ಓದಿ.

ಮಕ್ಕಳಿಗೆ ವಯಸ್ಸಲ್ಲ, ತೂಕ ಮುಖ್ಯ: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರದಂತೆ. 12 ಕಿಲೋ ಮಗುವಿಗೆ ಒಂದು ಸಲಕ್ಕೆ 120ರಿಂದ 180 ಮಿಲಿಗ್ರಾಂ. ಎಡವಟ್ಟಾಗುವುದು ಬಾಟಲಿಯಲ್ಲಿ. 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಮೊದಲನೆಯದು 5 ಮಿಲಿಲೀಟರ್ ಕೊಟ್ಟರೆ ಈ ಮಗುವಿಗೆ ಸರಿ. ಎರಡನೆಯದು ಅಷ್ಟೇ ಕೊಟ್ಟರೆ ಅತಿಯಾಯಿತು, ಅದರಲ್ಲಿ 3 ಮಿಲಿಲೀಟರ್ ಸಾಕು. ಹನಿ ಔಷಧಿ ಇನ್ನೂ ಗಾಢ, ಅದನ್ನು ಸಿರಪ್ಪಿನ ಚಮಚದಲ್ಲಿ ಎಂದೂ ಅಳೆಯಬೇಡಿ.

ಮೈ ಒರೆಸುವುದಾದರೆ ಉಗುರುಬೆಚ್ಚಗಿನ ನೀರು. ಐಸ್ ನೀರಿಗೆ ಮೈ ನಡುಗುತ್ತದೆ, ನಡುಕ ಒಳಗಿನ ಬಿಸಿಯನ್ನು ಇನ್ನಷ್ಟು ಏರಿಸುತ್ತದೆ. ಕಂಬಳಿ ಹೊದಿಸಿ ಬೆವರಿಳಿಸುವುದೂ ಬೇಡ. ಕುಡಿಯಲು ಓಆರ್‌ಎಸ್ ಕೊಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಕಲಸಿ, 24 ಗಂಟೆಯೊಳಗೆ ಮುಗಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಜ್ವರ ಬಿಟ್ಟ ದಿನವೇ ಎಚ್ಚರ

ಡೆಂಗಿಯಲ್ಲಿ 3ರಿಂದ 7ನೇ ದಿನದ ನಡುವೆ ಜ್ವರ ಇಳಿಯುತ್ತದೆ. ಅದೇ ಹೊತ್ತಿಗೆ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರತೊಡಗುತ್ತದೆ. ರಕ್ತ ಮಂದವಾಗಿ, ರಕ್ತದೊತ್ತಡ ಕುಸಿಯುತ್ತದೆ. ಎಲ್ಲರೂ ಪ್ಲೇಟ್‌ಲೆಟ್ ಎಣಿಸುತ್ತ ಕೂರುತ್ತಾರೆ, ಆದರೆ ಅಪಾಯದ ಮೂಲ ಈ ಸೋರಿಕೆ. ರಕ್ತದ ವರದಿಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತಿದೆಯೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಮುಂದಿನ ಎರಡು ದಿನ ಹೀಗೆ ಗಮನಿಸಿ: ಕೈಬೆರಳಿನ ಉಗುರನ್ನು ಬಿಳಿಚುವ ತನಕ ಒತ್ತಿ ಬಿಡಿ, 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ, ಕೈಕಾಲು ತಣ್ಣಗಾದರೆ, 6 ಗಂಟೆ ಮೂತ್ರ ಹೋಗದಿದ್ದರೆ, ಬಿಡದ ಹೊಟ್ಟೆನೋವು ಅಥವಾ ವಾಂತಿ, ಒಸಡು ಮೂಗಿನಲ್ಲಿ ರಕ್ತ, ತೀರಾ ಮಂಕು ಅಥವಾ ಚಡಪಡಿಕೆ ಕಂಡರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆದೊಯ್ಯಿರಿ. ಫಿಟ್ಸ್, ಉಸಿರಾಟದ ಕಷ್ಟ, ಕಾಮಾಲೆ ಯಾವ ಜ್ವರದಲ್ಲಿ ಬಂದರೂ ಇದೇ ಮಾತು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ವೃದ್ಧರು ಮೊದಲ ದಿನವೇ ತೋರಿಸಿಕೊಳ್ಳಲಿ.

ಪರೀಕ್ಷೆಗೂ ದಿನವೇ ಆಧಾರ. ಡೆಂಗಿಯ ಎನ್‌ಎಸ್1 (ವೈರಸ್ಸಿನದೇ ಅಂಶ ಹುಡುಕುವ ಪರೀಕ್ಷೆ) ಮೊದಲ 5 ದಿನದೊಳಗೆ, ಐಜಿಎಂ (ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಪರೀಕ್ಷೆ) ಅದಾದ ಮೇಲೆ. ಮಲೇರಿಯಾದ ರಕ್ತಲೇಪನ (ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಒಮ್ಮೆ ನೆಗೆಟಿವ್ ಬಂದರೂ ಅನುಮಾನವಿದ್ದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ ನೋಡಬೇಕಾಗುತ್ತದೆ. ಟೈಫಾಯ್ಡ್‌ಗೆ ವಿಡಾಲ್ ಎಂಬ ರಕ್ತಪರೀಕ್ಷೆಗಿಂತ ಬ್ಲಡ್ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ನಂಬಿಕೆಗೆ ಯೋಗ್ಯ. ಆ್ಯಂಟಿಬಯೋಟಿಕ್ ನುಂಗುವ ಮೊದಲೇ ಅದಕ್ಕೆ ರಕ್ತ ಕೊಡಬೇಕು.

ಬಾರದಂತೆ ನೋಡಿಕೊಳ್ಳುವುದು

ಕುಡಿಯುವ ನೀರು ಕುದಿ ಬಂದ ಮೇಲೂ ಒಂದು ನಿಮಿಷ ಕೊತಕೊತ ಕುದಿಯಲಿ. ಕಾಲಲ್ಲಿ ಗಾಯವಿದ್ದರೆ ನಿಂತ ನೀರಿಗೆ ಬೂಟಿಲ್ಲದೆ ಇಳಿಯಬೇಡಿ. ಸೊಳ್ಳೆಪರದೆ ರಾತ್ರಿ ಕಚ್ಚುವ ಮಲೇರಿಯಾ ಸೊಳ್ಳೆಗೆ ಸಾಕು. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಹಗಲಲ್ಲೇ ಕಚ್ಚುತ್ತದೆ, ಬೆಳಗ್ಗೆ ಮತ್ತು ಸಂಜೆಯ ಮುನ್ನ ಹೆಚ್ಚು. ಹಗಲು ಮಲಗುವ ಕೂಸಿಗೂ ಪರದೆ ಬೇಕು, ಶಾಲೆಗೆ ಹೋಗುವ ಮಕ್ಕಳಿಗೆ ತುಂಬುತೋಳಿನ ಬಟ್ಟೆ.

ಈಡಿಸ್ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿ ಡ್ರಮ್, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಕೂಲರ್, ಹಳೆ ಟೈರು ಎಲ್ಲ ಖಾಲಿ ಮಾಡಿ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನಲ್ಲಿ ತೇಲುವುದಿಲ್ಲ, ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಕರಿಸಾಸಿವೆಗಿಂತ ಸಣ್ಣ ಚುಕ್ಕೆಗಳಂತೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಗಡಸು ಬ್ರಷ್ಷಿನಿಂದ ಆ ಅಂಚನ್ನು ಸುತ್ತಲೂ ಉಜ್ಜಿ ತೊಳೆದು, ಆ ನೀರನ್ನು ಚರಂಡಿಗಲ್ಲ, ಒಣ ಮಣ್ಣಿಗೆ ಚೆಲ್ಲಿ.