ಗೋಡೆಯೊಳಗಿನ ‘ಢಬ್’: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಪೈಪಿನ ಸದ್ದಿನ ಮಾರ್ಗದರ್ಶಿ

ವಾಷಿಂಗ್ ಮೆಷಿನ್ನು ನೀರು ತುಂಬಿಕೊಂಡು ನಿಲ್ಲಿಸಿದ ಗಳಿಗೆಗೆ ಗೋಡೆಯೊಳಗಿಂದ ‘ಢಬ್’. ಬಿಸಿನೀರು ಬಿಟ್ಟರೆ ಟಿಕ್ ಟಿಕ್. ಫ್ಲಶ್ ಟ್ಯಾಂಕು ತುಂಬುವಾಗ ಓಲಗ ಊದಿದ ಹಾಗೆ ಒಂದು ರಾಗ. ಮೈಸೂರು, ಮಂಡ್ಯದ ಕಡೆಯಿಂದ ಬಂದು ಇಲ್ಲಿ ಮನೆ ಹಿಡಿದವರು ಮೊದಲ ವಾರ ಇದಕ್ಕೆ ಗಾಬರಿಯಾಗುತ್ತಾರೆ, ಆರು ತಿಂಗಳಿಗೆ ಒಗ್ಗಿಹೋಗುತ್ತಾರೆ. ಗಾಬರಿ ಬೇಕಿಲ್ಲ, ಒಗ್ಗಿಹೋಗುವುದೂ ಒಳ್ಳೆಯದಲ್ಲ.

ಊರಿನಲ್ಲಿ ಈ ಸದ್ದು ಯಾಕೆ ಕೇಳಿರಲಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಅಲ್ಲಿ ಕಾವೇರಿ ನೀರು ನೆಲದಡಿಯ ಸಂಪ್ ತೊಟ್ಟಿಗೆ ಬಂದು, ಮೋಟರು ಹಾಕಿದಾಗ ತಾರಸಿಯ ಸಿಂಟೆಕ್ಸಿಗೆ ಹತ್ತಿ, ಅಲ್ಲಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಟ್ಯಾಂಕು ನಲ್ಲಿಗಿಂತ 6 ಮೀಟರ್ ಮೇಲಿದ್ದರೆ 0.6 ಬಾರ್, ಅಂದರೆ ಅಮೆರಿಕದ ಒತ್ತಡದ ಅಳತೆಯಲ್ಲಿ ಸುಮಾರು 9 ಪಿಎಸ್‌ಐ. ಇಲ್ಲಿ ಬೀದಿಯ ಪೈಪೇ ನೇರ ಮನೆಗೆ ಬರುತ್ತದೆ, 40ರಿಂದ 80 ಪಿಎಸ್‌ಐ ಒತ್ತಡದಲ್ಲಿ. ಸಾಲದ್ದಕ್ಕೆ ಅಲ್ಲಿ ಇಟ್ಟಿಗೆ ಗೋಡೆ ಕೊರೆದು ಪೈಪು ಹೂತು ಮೇಲೆ ಸಿಮೆಂಟು ಬಳಿದಿರುತ್ತಾರೆ, ಅಲುಗಾಡಲು ಜಾಗವೇ ಇಲ್ಲ. ಇಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಪೊಳ್ಳು ಗೋಡೆ. ಒಳಗೆ ಪೈಪು ಅಲುಗಿದರೆ ಗೋಡೆ ತಮಟೆಯ ಹಾಗೆ ಬಾರಿಸುತ್ತದೆ.

ಆದ್ದರಿಂದ ಯಾವ ಬಿಡಿಭಾಗ ಕೊಳ್ಳುವ ಮೊದಲೂ ಒತ್ತಡ ಅಳೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಹೋಸ್ ಮರೆ (ತಿರುಗಿಸಿ ಕೂರಿಸುವ ಸುರುಳಿ ಗೆರೆ) ಇರುವ ವಾಟರ್ ಪ್ರೆಶರ್ ಗೇಜ್ ಕೇಳಿ. ಎರಡು ಮುಳ್ಳಿನದೇ ತೆಗೆದುಕೊಳ್ಳಿ. ಕೆಂಪು ಮುಳ್ಳು ಏರಿದ ಗರಿಷ್ಠ ಒತ್ತಡದಲ್ಲೇ ನಿಂತಿರುತ್ತದೆ. ಹೊರಗಿನ ತೋಟದ ನಲ್ಲಿಗೆ ಕೈಯಲ್ಲೇ ಬಿಗಿಯಾಗಿ ತಿರುಗಿಸಿ, ಮನೆಯ ಬೇರೆ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಈ ನಲ್ಲಿ ಪೂರ್ತಿ ಬಿಡಿ. 50ರಿಂದ 60 ಇದ್ದರೆ ಸರಿ. 80 ದಾಟಿದ್ದರೆ ಇಲ್ಲಿನ ಪ್ಲಂಬಿಂಗ್ ನಿಯಮದ ಪ್ರಕಾರವೇ ಅದು ತಪ್ಪು, ಒತ್ತಡ ಇಳಿಸುವ ವಾಲ್ವ್ ಇರಲೇಬೇಕು. ಒಂದು ಎಚ್ಚರಿಕೆ: ಕೆಲವು ಮನೆಗಳಲ್ಲಿ ತೋಟದ ನಲ್ಲಿಗೆ ಆ ವಾಲ್ವಿಗೂ ಮುಂಚೆಯೇ ಪೈಪು ಎಳೆದಿರುತ್ತಾರೆ. ಆಗ ಗೇಜು ತೋರಿಸುವುದು ಬೀದಿಯ ಒತ್ತಡ, ಮನೆಯದಲ್ಲ. ವಾಷಿಂಗ್ ಮೆಷಿನ್ನಿನ ತಣ್ಣೀರ ನಲ್ಲಿಗೂ ಅದೇ ಮರೆ ಇರುವುದರಿಂದ ಅಲ್ಲೂ ಒಮ್ಮೆ ಹಾಕಿ ನೋಡಿ.

ಒತ್ತಡ ಇಳಿಸುವ ವಾಲ್ವ್ ಸಾಮಾನ್ಯವಾಗಿ ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವಿನ ಪಕ್ಕ ಇರುತ್ತದೆ: ಗಂಟೆಯ ಆಕಾರದ ಹಿತ್ತಾಳೆ, ತಲೆಯ ಮೇಲೊಂದು ಸ್ಕ್ರೂ, ಅದಕ್ಕೊಂದು ಲಾಕ್‌ನಟ್. ಸ್ವಂತ ಮನೆಯಾದರೆ ನಟ್ ಸಡಿಲಿಸಿ ಸ್ಕ್ರೂವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ನಲ್ಲಿ ಸ್ವಲ್ಪ ಬಿಟ್ಟು ನಿಲ್ಲಿಸಿ, ಮತ್ತೆ ಗೇಜು ನೋಡಿ. ಎಷ್ಟು ತಿರುಗಿಸಿದರೂ ಮುಳ್ಳು ಅಲ್ಲೇ ಇದ್ದರೆ ಒಳಗಿನ ರಬ್ಬರು ಸವೆದಿದೆ, ವಾಲ್ವೇ ಬದಲಾಗಬೇಕು. ಹಗಲು 55 ಇದ್ದು ಬೆಳಿಗ್ಗೆ ಎದ್ದಾಗ ಕೆಂಪು ಮುಳ್ಳು 100ರಲ್ಲಿ ನಿಂತಿದ್ದರೆ ಕಥೆ ಬೇರೆ. ವಾಟರ್ ಹೀಟರಿನಲ್ಲಿ ಕಾದ ನೀರು ಹಿಗ್ಗುತ್ತದೆ, ಬೀದಿಯ ಕಡೆ ವಾಪಸು ಹೋಗಲು ವಾಲ್ವ್ ಬಿಡುವುದಿಲ್ಲ. ಹಿಗ್ಗಿದ ನೀರಿಗೆ ಜಾಗ ಕೊಡಲೆಂದೇ ಹೀಟರಿನ ತಣ್ಣೀರ ಪೈಪಿಗೆ ಒಂದು ಸಣ್ಣ ಎಕ್ಸ್‌ಪಾನ್ಷನ್ ಟ್ಯಾಂಕು ಕೂರಿಸುವುದು. ಅದರ ತುದಿಯಲ್ಲಿರುವ ಕಾರ್ ಟೈರಿನಂಥ ಗಾಳಿ ವಾಲ್ವನ್ನು ಒತ್ತಿ ನೋಡಿ. ಗಾಳಿಯ ಬದಲು ನೀರು ಬಂದರೆ ಒಳಗಿನ ರಬ್ಬರು ಚೀಲ ಹರಿದಿದೆ.

ಈಗ ‘ಢಬ್’ ವಿಷಯ. ಇದಕ್ಕೆ ವಾಟರ್ ಹ್ಯಾಮರ್ ಅನ್ನುತ್ತಾರೆ. ಹೆಸರೇ ಹೇಳುವಂತೆ ನೀರಿನ ಸುತ್ತಿಗೆ. ತಾಮ್ರದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರಿಗೆ ದಾರಿ ಥಟ್ಟನೆ ಮುಚ್ಚಿದರೆ ಆ ಕ್ಷಣ ಸುಮಾರು 12 ಬಾರ್, ಅಂದರೆ 170 ಪಿಎಸ್‌ಐಗೂ ಹೆಚ್ಚು ಒತ್ತಡ ಎದ್ದು ಪೈಪಿನುದ್ದಕ್ಕೂ ಓಡುತ್ತದೆ. ಸುತ್ತಿ ಸುತ್ತಿ ನಿಲ್ಲಿಸುವ ಹಳೆ ನಲ್ಲಿಯಲ್ಲಿ ಇದು ಆಗುವುದಿಲ್ಲ. ಮೆಷಿನ್ನಿನ, ಡಿಷ್‌ವಾಷರಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವಂಥದ್ದು) ಮಾತ್ರ ರೆಪ್ಪೆ ಬಡಿಯುವುದರೊಳಗೆ ಮುಚ್ಚಿಕೊಳ್ಳುತ್ತದೆ. ಸದ್ದಿಗಿಂತ ದೊಡ್ಡ ತೊಂದರೆ ಎಂದರೆ ದಿನಾ ಈ ಹೊಡೆತ ತಿಂದು ಜಾಯಿಂಟುಗಳು ಸಡಿಲವಾಗುವುದು, ಮೆಷಿನ್ನಿನ ರಬ್ಬರ್ ಹೋಸ್ ಒಂದು ದಿನ ಸಿಡಿಯುವುದು.

ಮದ್ದು: ಹ್ಯಾಮರ್ ಅರೆಸ್ಟರ್. ಹೆಬ್ಬೆಟ್ಟಿಗಿಂತ ದಪ್ಪದ ಸಣ್ಣ ಕೊಳವೆ. ಒಳಗೆ ಪಿಸ್ಟನ್, ಅದರ ಹಿಂದೆ ಮುಚ್ಚಿಟ್ಟ ಗಾಳಿ. ಹೊಡೆತ ಬಂದಾಗ ಪಿಸ್ಟನ್ ಹಿಂದಕ್ಕೆ ಸರಿದು ಅದನ್ನು ನುಂಗಿಕೊಳ್ಳುತ್ತದೆ. ವಾಷಿಂಗ್ ಮೆಷಿನ್ನಿಗೆಂದೇ ಮುಕ್ಕಾಲು ಇಂಚಿನ ಹೋಸ್ ಮರೆಯದು ಸಿಗುತ್ತದೆ, ಪೈಪು ಕತ್ತರಿಸುವ ಕೆಲಸವಿಲ್ಲ. ಎರಡು ಬೇಕು, ಬಿಸಿನೀರಿಗೊಂದು ತಣ್ಣೀರಿಗೊಂದು. ತಣ್ಣೀರಿಗೆ ಮಾತ್ರ ಹಾಕಿ ‘ಸದ್ದು ನಿಲ್ಲಲಿಲ್ಲ’ ಅನ್ನುವವರೇ ಜಾಸ್ತಿ.

ಮೆಷಿನ್ನಿನ ಹಿಂದಿನ ಎರಡೂ ನಲ್ಲಿ ಮುಚ್ಚಿ. ಮೆಷಿನ್ನನ್ನು ಕೆಲವು ಸೆಕೆಂಡು ಓಡಿಸಿ ನಿಲ್ಲಿಸಿದರೆ ಹೋಸಿನಲ್ಲಿ ಕೂಡಿದ್ದ ಒತ್ತಡ ಇಳಿಯುತ್ತದೆ. ಕೆಳಗೆ ಬಕೆಟ್ಟು, ಒಂದು ಹಳೆ ಟವೆಲ್ಲು. ಬಾಯಿ ಅಗಲಿಸುವ ಇಕ್ಕಳದಿಂದ ಹೋಸನ್ನು ನಲ್ಲಿಯ ಕಡೆ ಬಿಚ್ಚಿ. ಅರೆಸ್ಟರಿನ ಒಳಗೆ ರಬ್ಬರ್ ವಾಷರ್ ಮಟ್ಟಸವಾಗಿ ಕೂತಿದೆಯಾ ಬೆರಳಿಟ್ಟು ನೋಡಿ, ನಲ್ಲಿಗೆ ತಿರುಗಿಸಿ. ಅರೆಸ್ಟರಿನ ಇನ್ನೊಂದು ತುದಿಗೆ ಹೋಸು. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಇಕ್ಕಳದಿಂದ ಕಾಲು ಸುತ್ತು, ಅಷ್ಟೇ. ಊರಿನ ಅಭ್ಯಾಸಕ್ಕೆ ನೂಲನ್ನೋ ಟೆಫ್ಲಾನ್ ಟೇಪನ್ನೋ ಸುತ್ತಲು ಹೋಗಬೇಡಿ. ಹೋಸ್ ಮರೆಯಲ್ಲಿ ನೀರು ತಡೆಯುವುದು ವಾಷರು, ಮರೆಯಲ್ಲ. ನಲ್ಲಿಯನ್ನು ನಿಧಾನಕ್ಕೆ ಬಿಟ್ಟು, ಜಾಯಿಂಟನ್ನು ಒರೆಸಿ, ಕೆಳಗೆ ಒಣ ಟಿಶ್ಯೂ ಹಾಸಿ ಹತ್ತು ನಿಮಿಷ ಬಿಟ್ಟು ನೋಡಿ. ಒಂದು ಹನಿ ಬಿದ್ದಿದ್ದರೂ ಟಿಶ್ಯೂ ಮೇಲೆ ಗುರುತು ಇರುತ್ತದೆ. ರಬ್ಬರ್ ಹೋಸು ಉಬ್ಬಿದ್ದರೆ, ಬಿರಿದಿದ್ದರೆ ಇದೇ ಕೈಯಲ್ಲಿ ಸ್ಟೀಲ್ ಜಾಲಿ ಹೆಣೆದ ಹೋಸು ಹಾಕಿಬಿಡಿ.

ಹಳೆಯ ಮನೆಗಳಲ್ಲಿ ನಲ್ಲಿಯ ಮೇಲ್ಗಡೆ, ಗೋಡೆಯೊಳಗೆ, ತಲೆ ಮುಚ್ಚಿದ ಒಂದಡಿ ಪೈಪು ನಿಲ್ಲಿಸಿರುತ್ತಾರೆ. ಅದರೊಳಗಿನ ಗಾಳಿಯೇ ಅರೆಸ್ಟರು. ಕಾಲಕ್ರಮೇಣ ಗಾಳಿ ನೀರಿನಲ್ಲಿ ಕರಗಿ ಪೈಪು ನೀರಿನಿಂದಲೇ ತುಂಬಿಕೊಂಡರೆ ಸದ್ದು ಶುರು. ಮೇನ್ ವಾಲ್ವ್ ಮುಚ್ಚಿ, ಮೇಲಿನ ಮಹಡಿಯ ನಲ್ಲಿಗಳನ್ನು ಬಿಟ್ಟು, ಕೆಳಗಿನ ಕೊನೆಯ ನಲ್ಲಿಯಿಂದ ನೀರನ್ನೆಲ್ಲ ಹರಿಯಬಿಡಿ. ಪೂರ್ತಿ ಖಾಲಿಯಾದ ಮೇಲೆ ಕೆಳಗಿನದು ಮುಚ್ಚಿ, ಮೇನ್ ನಿಧಾನಕ್ಕೆ ತೆರೆದು, ಮೇಲಿನವು ಬುಸುಗುಟ್ಟುವುದು ನಿಂತ ಮೇಲೆ ಒಂದೊಂದಾಗಿ ಮುಚ್ಚಿ. ಖರ್ಚಿಲ್ಲದ ಕೆಲಸ, ಆದರೆ ಬಹಳ ಕಾಲ ಬಾಳುವುದಿಲ್ಲ. ಖಾಲಿ ಮಾಡುವ ಮೊದಲು ವಾಟರ್ ಹೀಟರ್ ಆಫ್ ಮಾಡುವುದನ್ನು ಮರೆಯಬೇಡಿ. ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ.

ಉಳಿದ ಸದ್ದುಗಳು ಇಷ್ಟು ಕಾಡುವುದಿಲ್ಲ. ಬಿಸಿನೀರು ಬಿಟ್ಟಾಗ, ನಿಲ್ಲಿಸಿದ ಮೇಲೂ, ಟಿಕ್ ಟಿಕ್ ಅಂದರೆ ಪೈಪು ಹಿಗ್ಗಿ ಕುಗ್ಗಿ ಮರಕ್ಕೆ ಉಜ್ಜುತ್ತಿದೆ. 10 ಮೀಟರ್ ತಾಮ್ರದ ಪೈಪು 40 ಡಿಗ್ರಿ ಬಿಸಿಯೇರಿದರೆ 7 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಬೇಸ್‌ಮೆಂಟಿನ ಚಾವಣಿಯಲ್ಲಿ, ಕ್ಲಾಂಪಿಗೂ ಪೈಪಿಗೂ ನಡುವೆ ಫೆಲ್ಟ್ ತುಂಡು ತೂರಿಸಿ. ಕ್ಲಾಂಪನ್ನು ಇನ್ನಷ್ಟು ಬಿಗಿದರೆ ಸದ್ದು ಹೆಚ್ಚುತ್ತದೆ. ಹೀಟರಿನೊಳಗೆ ಅನ್ನ ಕುದಿಯುವಂಥ ಗುಡುಗುಡು ಇದ್ದರೆ ತಳದಲ್ಲಿ ಸುಣ್ಣದ ಗಸಿ ಕೂತಿದೆ. ಬೋರ್‌ವೆಲ್ ನೀರಿಗೆ ಗೀಜರಿನ ಕಾಯಿಲ್ ಬೆಳ್ಳಗಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಫ್ಲಶ್ ಟ್ಯಾಂಕು ತುಂಬುವಾಗ ಊಳಿಟ್ಟರೆ ಮುಚ್ಚಳ ತೆಗೆದು ಫ್ಲೋಟನ್ನು ಮೆಲ್ಲಗೆ ಮೇಲೆತ್ತಿ. ಸದ್ದು ತಕ್ಷಣ ನಿಂತರೆ ಟ್ಯಾಂಕಿಗೆ ನೀರು ಬಿಡುವ ಫಿಲ್ ವಾಲ್ವಿನ ರಬ್ಬರು ಕೆಟ್ಟಿದೆ, ಅರ್ಧ ಗಂಟೆಯಲ್ಲಿ ಬದಲಾಯಿಸಬಹುದು. ಎಲ್ಲ ನಲ್ಲಿ ನಿಲ್ಲಿಸಿದರೂ ಸಣ್ಣಗೆ ‘ಸ್ಸ್’ ಅನ್ನುತ್ತಿದ್ದರೆ ಮೀಟರಿನ ಮುಖದಲ್ಲಿರುವ ಪುಟ್ಟ ಚಕ್ರ ನೋಡಿ. ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಅದು ಕಾಯುವ ವಿಷಯವಲ್ಲ.

ಊರಿಂದ ಬರುವಾಗ ಚೆಂದದ ನಲ್ಲಿ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವವರಿದ್ದಾರೆ. ಬೇಡಿ. ನಮ್ಮ ಕಡೆಯ ಅರ್ಧ ಇಂಚಿನ ಮರೆ ಬ್ರಿಟಿಷ್ ಮಾದರಿಯದು. ಅಮೆರಿಕದ್ದಕ್ಕೆ ಹೊಂದಿಕೊಂಡಂತೆ ಕಂಡರೂ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ.

ಬಾಡಿಗೆ ಮನೆಯಲ್ಲಿ ಅರೆಸ್ಟರ್ ತಿರುಗಿಸುವುದು, ಮೆಷಿನ್ನಿನ ನಲ್ಲಿಯನ್ನು ಅರ್ಧಕ್ಕೆ ಇಳಿಸಿ ನೋಡುವುದು, ಇಷ್ಟಕ್ಕೆ ನಿಲ್ಲಿ. ಗೋಡೆ ಕೊರೆಯುವುದು, ಒತ್ತಡದ ವಾಲ್ವ್ ಮುಟ್ಟುವುದು ಮಾಲೀಕರ ಕೆಲಸ. ಫೋನಿನಲ್ಲಿ ಹೇಳಿ ಸುಮ್ಮನಾಗದೆ ಬರೆದು ಕಳಿಸಿ: ಯಾವ ಮೆಷಿನ್ನು, ಯಾವಾಗ ಸದ್ದು, ಹದಿನೈದು ಸೆಕೆಂಡಿನ ವಿಡಿಯೋ, ಗೇಜಿನ ಫೋಟೋ. ‘ಪೈಪು ಸದ್ದು ಮಾಡುತ್ತೆ’ ಅಂದರೆ ತಿಂಗಳು ಕಾಯಿಸುತ್ತಾರೆ. 95 ತೋರಿಸುವ ಗೇಜಿನ ಫೋಟೋಗೆ ಪ್ಲಂಬರ್ ಬೇಗ ಬರುತ್ತಾನೆ. ಅವನು ಬರುವವರೆಗೆ ರಾತ್ರಿ ಹತ್ತರ ಮೇಲೆ ಮೆಷಿನ್ನಿಗೆ ಬಟ್ಟೆ ಹಾಕಬೇಡಿ, ಆ ಗೋಡೆಯ ಆಚೆ ಪಕ್ಕದ ಮನೆಯವರ ಮಂಚ ಇರಬಹುದು.